ಮಕ್ಕಳ ಮಿದುಳಿಗೆ ತುಕ್ಕು ಹಿಡಿದಿಲ್ಲ

ಆಟಿಸಂ ಇರುವ ಮಗುವಿನ ತಂದೆತಾಯಿಗೆ ಇವತ್ತು ಹೋದಲ್ಲೆಲ್ಲ ಸಿಗುವ ವಿವರಣೆ ಒಂದಿದೆ. ಕತ್ತರಿಸಿಟ್ಟ ಸೇಬು ಗಾಳಿ ತಾಗಿ ಕಂದಾಗುತ್ತದೆ, ನಿಂಬೆರಸ ಸವರಿದರೆ ಆಗುವುದಿಲ್ಲ. ನಿಮ್ಮ ಮಗುವಿನ ಮಿದುಳಿಗೂ ಹೀಗೇ ಒಂದು ಬಗೆಯ ತುಕ್ಕು ಹಿಡಿಯುತ್ತಿದೆ, ಅದರ ಹೆಸರು ಆಕ್ಸಿಡೇಟಿವ್ ಸ್ಟ್ರೆಸ್. ಆ್ಯಂಟಿಆಕ್ಸಿಡೆಂಟ್ ಕೊಟ್ಟರೆ ತುಕ್ಕು ಬಿಡುತ್ತದೆ, ಮಗು ಮಾತಾಡುತ್ತದೆ. ಕ್ಲಿನಿಕ್ಕುಗಳಲ್ಲಿ, ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ‘ಬಯೋಮೆಡಿಕಲ್’ ಚಿಕಿತ್ಸೆಯ ಕಾರ್ಯಾಗಾರಗಳಲ್ಲಿ ಈ ಮಾತು ಪ್ರಶ್ನೆಯೇ ಇಲ್ಲದೆ ಓಡಾಡುತ್ತಿದೆ. ಡೌನ್ ಸಿಂಡ್ರೋಮ್, ಎಡಿಎಚ್‌ಡಿ ಇರುವ ಮಕ್ಕಳಿಗೂ ಇದೇ ಕಥೆ, ಇವೇ ಬಾಟಲಿಗಳು. ಒಳ್ಳೆಯ ಹೆಸರಿರುವ ವೈದ್ಯರೂ ಎಷ್ಟೋ ಸಲ ‘ಕೊಟ್ಟರೆ ನಷ್ಟವೇನಿಲ್ಲ’ ಎಂದು ಚೀಟಿ ಬರೆದುಬಿಡುತ್ತಾರೆ.

ಈ ನಂಬಿಕೆ ತಪ್ಪು. ಅದರ ಮೊದಲ ಅರ್ಧದಲ್ಲಿ ಸ್ವಲ್ಪ ಹುರುಳಿದೆ, ಎರಡನೆಯ ಅರ್ಧವನ್ನು ಪರೀಕ್ಷೆಗೊಡ್ಡಿದಾಗ ಅದು ಮತ್ತೆ ಮತ್ತೆ ಸೋತಿದೆ. ‘ನಷ್ಟವೇನಿಲ್ಲ’ ಎಂಬ ಮಾತಂತೂ ಮೂರರಲ್ಲಿ ಅತ್ಯಂತ ಅಪಾಯಕಾರಿ. ಸೇಬಿನ ಉದಾಹರಣೆಯೂ ಸರಿಯಿಲ್ಲ. ಸೇಬು ಕಂದಾಗುವುದು ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವದ ಕೆಲಸದಿಂದ, ನಿಂಬೆಯ ಹುಳಿ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಬೆಳೆಯುತ್ತಿರುವ ಮಗುವಿನ ಮಿದುಳಿಗೂ ಆ ಸೇಬಿಗೂ ಹೋಲಿಕೆಯೇ ಇಲ್ಲ.

ಮೊದಲು ಹುರುಳಿರುವ ಭಾಗವನ್ನೇ ನೋಡೋಣ. ನಾವು ಉಸಿರಾಡುವ ಆಮ್ಲಜನಕ ಜೀವಕೋಶದೊಳಗೆ ಶಕ್ತಿಯಾಗಿ ಮಾರ್ಪಡುವಾಗ ಕೆಲವು ಚುರುಕಾದ ಅಣುಗಳು ಹುಟ್ಟುತ್ತವೆ. ಅವು ಮಿತಿಮೀರಿದರೆ ಕೊಬ್ಬು, ಪ್ರೋಟೀನು, ಡಿಎನ್‌ಎಗಳಿಗೆ ಏಟು ಬೀಳುತ್ತದೆ. ಆಕ್ಸಿಡೇಟಿವ್ ಸ್ಟ್ರೆಸ್ ಎಂದರೆ ಇದೇ; ಆ ಅಣುಗಳನ್ನು ತಣಿಸುವುದು ಆ್ಯಂಟಿಆಕ್ಸಿಡೆಂಟ್. ಡೆನ್ಹಮ್ ಹರ್ಮನ್ 1956ರಲ್ಲಿ ಮುಪ್ಪಿಗೆ ಇವೇ ಕಾರಣವೆಂದು ವಾದಿಸಿದ. ನೊಬೆಲ್ ಪುರಸ್ಕೃತ ಲೈನಸ್ ಪಾಲಿಂಗ್ 1968ರಲ್ಲಿ, ಮಾನಸಿಕ ಕಾಯಿಲೆಗಳನ್ನು ವಿಟಮಿನ್ನುಗಳ ದೊಡ್ಡ ಪ್ರಮಾಣದಿಂದ ಸರಿಪಡಿಸಬಹುದೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ. ಆಟಿಸಂ ಇದ್ದ ಮಗನ ತಂದೆಯೂ ಆಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ ಆ ದಾರಿಯನ್ನು ಆಟಿಸಂ ಕಡೆಗೆ ತಿರುಗಿಸಿದ. ತಾಯಿಯ ಪ್ರೀತಿ ಸಾಲದೆ ಮಗುವಿಗೆ ಆಟಿಸಂ ಬರುತ್ತದೆ ಎಂಬ ಕ್ರೂರ ಸುಳ್ಳನ್ನು ಮುರಿದವರಲ್ಲಿ ಈತ ಮುಖ್ಯ. ಆ ಋಣ ದೊಡ್ಡದು. ಆದರೆ ವಿಟಮಿನ್ ಬಾಟಲಿಗಳ ಪರಂಪರೆ ಆಟಿಸಂಗೆ ಬಂದದ್ದೂ ಬಹುಮಟ್ಟಿಗೆ ಆತನ ಬಳಗದಿಂದಲೇ.

2004ರಲ್ಲಿ ಅಮೆರಿಕದ ಅರ್ಕನ್ಸಾದಲ್ಲಿ ಜಿಲ್ ಜೇಮ್ಸ್ ತಂಡ ಆಟಿಸಂ ಇರುವ 20 ಮಕ್ಕಳ ಮತ್ತು ಇಲ್ಲದ 33 ಮಕ್ಕಳ ರಕ್ತ ಪರೀಕ್ಷಿಸಿತು. ದೇಹದ ಮುಖ್ಯ ಆ್ಯಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ ಆಟಿಸಂ ಮಕ್ಕಳಲ್ಲಿ ಕಡಿಮೆ ಇತ್ತು, ಇದ್ದದ್ದರಲ್ಲೂ ಬಳಸಿ ಮುಗಿದ ರೂಪದ ಪಾಲು ಹೆಚ್ಚಿತ್ತು. ಆಮೇಲೆ ಬೇರೆ ಕಡೆಗಳಲ್ಲೂ ಇಂಥ ವ್ಯತ್ಯಾಸ ಕಂಡಿದೆ. ಮರಣಾನಂತರ ಪರೀಕ್ಷಿಸಿದ ಕೆಲವು ಮಿದುಳುಗಳಲ್ಲೂ ಕಂಡಿದೆ. ಇದನ್ನು ನಾನು ಅಲ್ಲಗಳೆಯುತ್ತಿಲ್ಲ. ಜೇಮ್ಸ್ ತಂಡದ ಕೆಲಸ ಪ್ರಾಮಾಣಿಕ ವಿಜ್ಞಾನ. ಅದರ ಮೇಲೆ ಕಟ್ಟಿದ ವ್ಯಾಪಾರದ ಬಗ್ಗೆಯೇ ನನ್ನ ತಕರಾರು.

ರಕ್ತದಲ್ಲಿ ಒಂದು ಅಂಶ ಕಡಿಮೆ ಇದೆ ಎಂಬುದು ಅದೇ ಕಾರಣ ಎಂಬುದಕ್ಕೆ ಸಾಕ್ಷಿಯಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳು ಮೂರು ನಾಲ್ಕು ತಿನಿಸು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಗ್ಲುಟಾಥಯೋನ್ ತಯಾರಾಗುವುದು ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳಿಂದ. ಬರೀ ಅನ್ನ, ಬಿಸ್ಕತ್ತು ತಿನ್ನುವ ಮಗುವಿನಲ್ಲಿ ಅದು ಕಡಿಮೆಯಾದರೆ ಅಚ್ಚರಿಯೇನು? ಈ ಮಕ್ಕಳಲ್ಲಿ ನಿದ್ದೆಯ ತೊಂದರೆ ಸಾಮಾನ್ಯ, ಮಲಬದ್ಧತೆ ಸಾಮಾನ್ಯ, ಕೆಲವರಿಗೆ ಮೂರ್ಛೆ ರೋಗದ ಔಷಧಿಯೂ ಇರುತ್ತದೆ. ಇವೆಲ್ಲವೂ ಈ ಅಳತೆಗಳನ್ನು ಅಲುಗಾಡಿಸಬಲ್ಲವು. ಇನ್ನೊಂದು, ಗ್ಲುಟಾಥಯೋನ್ ಸಿರಿಂಜಿನಿಂದ ಹೊರಬಂದ ಕೂಡಲೇ ಕೆಡತೊಡಗುತ್ತದೆ. ರಕ್ತವನ್ನು ತಕ್ಷಣ ಸರಿಯಾಗಿ ಸಂಸ್ಕರಿಸದೆ ಕೊರಿಯರಿನಲ್ಲಿ ದೂರದ ಲ್ಯಾಬಿಗೆ ಕಳಿಸಿ, ವಾರದ ಮೇಲೆ ಬಂದ ಬಣ್ಣಬಣ್ಣದ ವರದಿಯಲ್ಲಿ ಕೆಂಪು ಗೆರೆ ಕಂಡರೆ, ಆ ಕೆಂಪು ಮಗುವಿನದೋ ಸಾಗಣೆಯದೋ ಹೇಳುವವರಾರು? ರಕ್ತ ಬಿಟ್ಟು ಮಿದುಳನ್ನೇ ನೋಡಿದವರಿದ್ದಾರೆ. ಲಂಡನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವ ವಯಸ್ಕರ ಮಿದುಳಿನ ಗ್ಲುಟಾಥಯೋನ್ ಮಟ್ಟವನ್ನು ಸ್ಕ್ಯಾನ್ ಮೂಲಕ ಅಳೆದಾಗ ಉಳಿದವರಿಗಿಂತ ವ್ಯತ್ಯಾಸವೇ ಕಾಣಲಿಲ್ಲ.

ಆದರೂ ಕಾರಣವೋ ಪರಿಣಾಮವೋ ಎಂಬ ಚರ್ಚೆ ಕೊನೆಯಿಲ್ಲದ್ದು. ಅದನ್ನು ತೀರ್ಮಾನಿಸಲು ಒಂದೇ ದಾರಿ: ಆ್ಯಂಟಿಆಕ್ಸಿಡೆಂಟ್ ಕೊಟ್ಟು ನೋಡುವುದು. ಕೊಟ್ಟು ನೋಡಿಯಾಗಿದೆ.

ಇಡೀ ಸಿದ್ಧಾಂತ ಅತ್ಯಂತ ಬಲವಾಗಿ ನಿಲ್ಲಬೇಕಾದ ಜಾಗ ಆಟಿಸಂ ಅಲ್ಲ, ಡೌನ್ ಸಿಂಡ್ರೋಮ್. ಅಲ್ಲಿ ಕಾರಣ ಗೊತ್ತಿದೆ: 21ನೆಯ ಕ್ರೋಮೋಸೋಮಿನ ಹೆಚ್ಚುವರಿ ಪ್ರತಿ. ಆ ಕ್ರೋಮೋಸೋಮಿನ ಮೇಲೇ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಕಿಣ್ವದ ಜೀನ್ ಕೂತಿದೆ. ಎರಡರ ಜಾಗದಲ್ಲಿ ಮೂರು ಪ್ರತಿ ಇರುವುದರಿಂದ ಆ ಕಿಣ್ವ ಸುಮಾರು ಒಂದೂವರೆ ಪಟ್ಟು ತಯಾರಾಗುತ್ತದೆ, ಅಂಥದೊಂದು ಚುರುಕು ಅಣುವಾದ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚುತ್ತದೆ, ನರಕೋಶಗಳಿಗೆ ಪೆಟ್ಟು ಬೀಳುತ್ತದೆ. ಆಟಿಸಂನಲ್ಲಿ ಇರುವುದು ಬರೀ ಊಹೆ, ಇಲ್ಲಿ ಜೀನಿನಿಂದ ಹಿಡಿದು ಅಣುವಿನವರೆಗೆ ಕೊಂಡಿಗೆ ಕೊಂಡಿ ಕೂಡಿದೆ. ಇದಕ್ಕಿಂತ ಒಳ್ಳೆಯ ವಾದ ಆ್ಯಂಟಿಆಕ್ಸಿಡೆಂಟ್ ಪಕ್ಷಕ್ಕೆ ಇನ್ನೆಲ್ಲೂ ಸಿಗದು. ಈ ವಾದ ನಂಬಿಯೇ ಎಷ್ಟೋ ದೇಶಗಳ ತಂದೆತಾಯಂದಿರು ವರ್ಷಗಟ್ಟಲೆ ತಮ್ಮ ಕೂಸುಗಳಿಗೆ ವಿಟಮಿನ್ ಮಿಶ್ರಣಗಳನ್ನು ಕುಡಿಸಿದರು.

ಇಂಗ್ಲೆಂಡಿನ ವೈದ್ಯರು ಇದನ್ನು ಪರೀಕ್ಷೆಗೊಡ್ಡಿದರು. ಫಲಿತಾಂಶ 2008ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಡೌನ್ ಸಿಂಡ್ರೋಮ್ ಇರುವ, ಏಳು ತಿಂಗಳೂ ತುಂಬದ 156 ಕೂಸುಗಳು. ಮಿದುಳು ಅತಿ ವೇಗವಾಗಿ ಬೆಳೆಯುವ ವಯಸ್ಸು, ‘ತಡವಾಗಿ ಶುರುಮಾಡಿದಿರಿ’ ಎಂಬ ನೆಪಕ್ಕೆ ಆಸ್ಪದವೇ ಇಲ್ಲ. ಕೆಲವರಿಗೆ ಸೆಲೆನಿಯಂ, ಸತು, ವಿಟಮಿನ್ ಎ, ಸಿ, ಇ; ಕೆಲವರಿಗೆ ಫೋಲಿನಿಕ್ ಆಮ್ಲ; ಕೆಲವರಿಗೆ ಎರಡೂ; ಉಳಿದವರಿಗೆ ಔಷಧವಿಲ್ಲದ ಪುಡಿ. ಯಾವ ಮಗುವಿಗೆ ಯಾವುದು ಎಂದು ಮನೆಯವರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ಹದಿನೆಂಟು ತಿಂಗಳು ಕಳೆದ ಮೇಲೆ ಬೆಳವಣಿಗೆಯನ್ನೂ ಭಾಷೆಯನ್ನೂ ಅಳೆದರು. ವ್ಯತ್ಯಾಸವಿರಲಿಲ್ಲ. ವಿಟಮಿನ್ ಕುಡಿದ ಕೂಸೂ ಕುಡಿಯದ ಕೂಸೂ ಒಂದೇ ಗತಿಯಲ್ಲಿ ಬೆಳೆದಿದ್ದವು. ಸಿದ್ಧಾಂತ ತನ್ನ ಸ್ವಂತ ಮನೆಯಲ್ಲೇ ಹೀಗೆ ಸೋತ ಮೇಲೆ, ಅಂಥ ಜೀನಿನ ಕೊಂಡಿಯೂ ಇಲ್ಲದ ಆಟಿಸಂಗೆ ಅದನ್ನು ಹೊತ್ತು ತರುವವರು ಮೊದಲು ಈ ಸೋಲಿಗೆ ಉತ್ತರ ಕೊಡಬೇಕು. ನನ್ನ ಕಿವಿಗೆ ಇನ್ನೂ ಆ ಉತ್ತರ ಬಿದ್ದಿಲ್ಲ.

ಆಟಿಸಂನಲ್ಲಿ ಎಲ್ಲರ ಬಾಯಲ್ಲಿರುವ ಔಷಧ ಎನ್-ಅಸಿಟೈಲ್ ಸಿಸ್ಟೀನ್, ಚೀಟಿಯಲ್ಲಿ ‘ಎನ್‌ಎಸಿ’. ಪ್ಯಾರಾಸಿಟಮಾಲ್ ವಿಷವೇರಿದವರ ಜೀವ ಉಳಿಸುವ ಒಳ್ಳೆಯ ಮದ್ದು ಇದು. ಆಗ ಬರಿದಾಗುವ ಗ್ಲುಟಾಥಯೋನನ್ನು ಮತ್ತೆ ತುಂಬಿಕೊಡುತ್ತದೆ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆಟಿಸಂ ಇರುವ 33 ಮಕ್ಕಳಿಗೆ ಹನ್ನೆರಡು ವಾರ ಕೊಟ್ಟು ನೋಡಿದಾಗ ಸಿಡುಕು ಕಡಿಮೆಯಾದಂತೆ ಕಂಡಿತು. ಈ ಒಂದು ಸಣ್ಣ ಪ್ರಯೋಗವನ್ನು ಇಂದಿಗೂ ಎಲ್ಲ ಕಡೆ ಉದ್ಧರಿಸುತ್ತಾರೆ. ಅದರ ನಂತರ ನಡೆದದ್ದನ್ನು ಮಾತ್ರ ಹೇಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ 98 ಮಕ್ಕಳ ಮೇಲೆ ಆರು ತಿಂಗಳು ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯಾವ ಅಳತೆಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕೊಟ್ಟ ಪ್ರಮಾಣ ಕಡಿಮೆಯಾಗಿತ್ತು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ನ್ಯಾಯವೇ. ಅವರಿಗೆ ಉತ್ತರ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿದೆ. 2016ರಲ್ಲಿ ಪ್ರಕಟವಾದ ಅದರಲ್ಲಿ 31 ಮಕ್ಕಳು ಹೆಚ್ಚಿನ ಪ್ರಮಾಣವನ್ನೇ ತೆಗೆದುಕೊಂಡರು. ಔಷಧ ಪಡೆದವರ ರಕ್ತದಲ್ಲಿ ಗ್ಲುಟಾಥಯೋನ್ ನಿಜಕ್ಕೂ ಏರಿತು. ಮಕ್ಕಳ ಬೆರೆಯುವಿಕೆಯಲ್ಲಿ ಮಾತ್ರ ಔಷಧಕ್ಕೂ ಖಾಲಿ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಇನ್ನೊಮ್ಮೆ ಓದಿ. ಕಡಿಮೆ ಇದೆ ಎಂದರು, ಏರಿಸಿದರು, ಏರಿತು. ಮಗು ಮೊದಲಿನಂತೆಯೇ ಇತ್ತು. ರೋಗದ ಬೇರು ಗ್ಲುಟಾಥಯೋನ್ ಆಗಿದ್ದರೆ ಹೀಗಾಗಬಾರದಿತ್ತು. ಎಳೆಯ ಬ್ರೊಕೊಲಿಯಿಂದ ತೆಗೆಯುವ ಸಲ್ಫೊರಾಫೇನ್‌ನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 2014ರಲ್ಲಿ 44 ಯುವಕರ ಮೇಲಿನ ಪ್ರಯೋಗ ಭಾರಿ ಆಸೆ ಹುಟ್ಟಿಸಿತು. 2021ರಲ್ಲಿ 57 ಮಕ್ಕಳ ಮೇಲೆ ಮಾಡಿದಾಗ ರಕ್ತದ ಕೆಲವು ಸೂಚಕಗಳು ಬದಲಾದವು, ಮುಖ್ಯ ಅಳತೆಯಲ್ಲಿ ಮಕ್ಕಳು ಬದಲಾಗಲಿಲ್ಲ. ಚೀನಾದ ಒಂದು ಪ್ರಯೋಗದಲ್ಲಿ ವೈದ್ಯರ ಅಳತೆಗೆ ಸುಧಾರಣೆ ಸಿಕ್ಕಿತು, ಮನೆಯಲ್ಲಿ ನೋಡಿಕೊಳ್ಳುವವರ ಅಳತೆಗೆ ಸಿಗಲಿಲ್ಲ. ಇಂಥ ಪುರಾವೆಯ ಮೇಲೆ ಸಂಶೋಧನೆ ಮುಂದುವರಿಯಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಮಂಡ್ಯದ, ರಾಯಚೂರಿನ ಒಂದು ಮನೆಯ ತಿಂಗಳ ಸಂಬಳದಿಂದ ಅದರ ಬಾಟಲಿ ಕೊಳ್ಳಿಸುವುದಕ್ಕೆ ಇದು ಆಧಾರವಾಗಲಾರದು.

‘ಪ್ರಯೋಗ ಏನೇ ಹೇಳಲಿ, ನಮ್ಮ ಮಗುವಿಗೆ ಗುಣ ಕಂಡಿದೆ’ ಎನ್ನುವ ತಂದೆತಾಯಿ ಬಹಳ ಮಂದಿ. ಅವರು ಸುಳ್ಳು ಹೇಳುತ್ತಿಲ್ಲ. ಮಕ್ಕಳು ಬೆಳೆಯುತ್ತಾರೆ. ಆಟಿಸಂ ಇರುವ ಮಗುವೂ ಮೂರರಿಂದ ನಾಲ್ಕಕ್ಕೆ ಬರುವಾಗ ಹೊಸ ಪದ ಕಲಿಯುತ್ತದೆ, ಕಣ್ಣಿಗೆ ಕಣ್ಣು ಕೊಡುತ್ತದೆ. ಹೊಸ ಔಷಧಿ ಹುಡುಕಿ ಹೊರಡುವುದು ಸಾಮಾನ್ಯವಾಗಿ ಮಗು ಬಹಳ ಹಟ ಮಾಡುವ, ನಿದ್ದೆಗೆಟ್ಟ ದಿನಗಳಲ್ಲಿ. ಅಂಥ ದಿನಗಳ ನಂತರ ತುಸು ಒಳ್ಳೆಯ ದಿನಗಳು ತಾವಾಗಿಯೇ ಬರುತ್ತವೆ. ಅದೇ ತಿಂಗಳು ಸ್ಪೀಚ್ ಥೆರಪಿಯೂ ಶುರುವಾಗಿರುತ್ತದೆ. ಕೀರ್ತಿ ಬಾಟಲಿಗೆ ಹೋಗುತ್ತದೆ. 1998ರಲ್ಲಿ ಸೀಕ್ರೆಟಿನ್ ಎಂಬ ಹಾರ್ಮೋನು ಆಟಿಸಂ ಗುಣಪಡಿಸುತ್ತದೆಂದು ಅಮೆರಿಕದಲ್ಲಿ ಗುಲ್ಲೆದ್ದಿತು. ಮರುವರ್ಷ 60 ಮಕ್ಕಳ ಮೇಲೆ ಪರೀಕ್ಷಿಸಿದಾಗ ಅದಕ್ಕೂ ಉಪ್ಪುನೀರಿನ ಚುಚ್ಚುಮದ್ದಿಗೂ ವ್ಯತ್ಯಾಸವಿಲ್ಲವೆಂದು ತಿಳಿಯಿತು. ಈ ಫಲಿತಾಂಶ ಕೇಳಿದ ಮೇಲೂ ಆ ಮಕ್ಕಳ ಪೋಷಕರಲ್ಲಿ ಶೇಕಡಾ 69 ಮಂದಿ ಸೀಕ್ರೆಟಿನ್‌ನಲ್ಲಿ ಆಸಕ್ತಿ ಇದೆ ಎಂದರು. ಅವರನ್ನು ದೂಷಿಸಬಾರದು. ಆಸೆ ಅಷ್ಟು ಆಳವಾಗಿರುವುದರಿಂದಲೇ ಆ ಆಸೆಯನ್ನು ಮಾರಾಟದ ಸರಕು ಮಾಡುವವರನ್ನು ತಡೆಯಬೇಕು.

ಇನ್ನು ‘ನಷ್ಟವೇನಿಲ್ಲ’. ದೇಹ ಈ ಚುರುಕು ಅಣುಗಳನ್ನು ಬರೀ ಕಸವೆಂದು ಬಿಟ್ಟಿಲ್ಲ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವುದು ಇವುಗಳಿಂದಲೇ. ಹುಟ್ಟಿನಿಂದ ಈ ಅಣು ತಯಾರಿಸಲಾಗದ ಮಕ್ಕಳು ಒಂದರ ಮೇಲೊಂದು ಸೋಂಕಿಗೆ ಬಲಿಯಾಗುತ್ತಾರೆ. ನರಕೋಶಗಳ ನಡುವಿನ ನಂಟು ಗಟ್ಟಿಯಾಗುವುದಕ್ಕೆ, ಅಂದರೆ ಕಲಿಕೆಗೆ, ಇವುಗಳ ಸಣ್ಣ ಪ್ರಮಾಣ ಬೇಕು. ಈ ಅಣುಗಳಲ್ಲೊಂದಾದ ಸೂಪರ್‌ಆಕ್ಸೈಡನ್ನು ಅತಿಯಾಗಿ ನಿರ್ಮೂಲ ಮಾಡುವಂತೆ ರೂಪಿಸಿದ ಇಲಿಗಳಲ್ಲಿ ನೆನಪು ಕುಂಠಿತವಾದದ್ದು ದಾಖಲಾಗಿದೆ. ದೊಡ್ಡವರಲ್ಲಿ ಏನಾಯಿತು ಎಂಬುದೂ ಗೊತ್ತಿದೆ. ಫಿನ್‌ಲ್ಯಾಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು: ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18 ಹೆಚ್ಚು. ಅಮೆರಿಕದ ಇಂಥದೇ ಪ್ರಯೋಗದಲ್ಲಿ ಶೇಕಡಾ 28 ಹೆಚ್ಚು ಕಂಡು, ಅದನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಮಕ್ಕಳಿಗೂ ಕ್ಯಾನ್ಸರ್ ಬರುತ್ತದೆಂದು ನಾನು ಹೇಳುತ್ತಿಲ್ಲ, ಹಾಗೆ ಹೆದರಿಸುವುದೂ ತಪ್ಪು. ‘ವಿಟಮಿನ್ ತಾನೆ, ಏನಾಗುತ್ತದೆ’ ಎಂಬ ನಿಶ್ಚಿಂತೆಗೆ ವಿಜ್ಞಾನದಲ್ಲಿ ಜಾಗವಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಈ ನಿಶ್ಚಿಂತೆಯ ಬಾಗಿಲಿನಿಂದ ಏನೇನು ಒಳಗೆ ಬಂದಿದೆ ನೋಡಿ. ‘ಒಎಸ್‌ಆರ್ ನಂಬರ್ 1’ ಎಂಬ ಪುಡಿಯನ್ನು ಅಮೆರಿಕದಲ್ಲಿ ಆ್ಯಂಟಿಆಕ್ಸಿಡೆಂಟ್ ಪೂರಕವೆಂದು ಆಟಿಸಂ ಮಕ್ಕಳ ಮನೆಗಳಿಗೆ ಮಾರಲಾಯಿತು. ಹೆಸರಿನ ಅರ್ಥವೇ ಆಕ್ಸಿಡೇಟಿವ್ ಸ್ಟ್ರೆಸ್ ಪರಿಹಾರ. ಅದರೊಳಗಿದ್ದದ್ದು ಗಣಿಯ ಕೊಳಕು ನೀರಿನಿಂದ, ಮಣ್ಣಿನಿಂದ ಭಾರಲೋಹ ತೆಗೆಯಲು ರೂಪಿಸಿದ ರಾಸಾಯನಿಕ. 2010ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯ ಪತ್ರ ಬರೆದ ಮೇಲೆ ಮಾರಾಟ ನಿಂತಿತು. ಅದಕ್ಕೆ ಐದು ವರ್ಷ ಮೊದಲು, 2005ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ‘ವಿಷಲೋಹ ತೆಗೆಯುವ’ ಚುಚ್ಚುಮದ್ದು ಹಾಕಿಸಿಕೊಳ್ಳುವಾಗ ತೀರಿಕೊಂಡ.

ಇನ್ನೂ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಮಗುವಿನ ಮಿದುಳಿಗೆ ಆಮ್ಲಜನಕದ ಏಟು ಬಿದ್ದಿದೆ ಎನ್ನುವ ವಲಯಗಳಲ್ಲೇ, ಮಗುವನ್ನು ಒತ್ತಡದ ಆಮ್ಲಜನಕ ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸುವ ಹೈಪರ್‌ಬಾರಿಕ್ ಚಿಕಿತ್ಸೆಯನ್ನೂ ಮಾರಲಾಗುತ್ತದೆ. ಅಂಥ ಆಮ್ಲಜನಕ ಈ ಚುರುಕು ಅಣುಗಳನ್ನು ಹೆಚ್ಚಿಸುತ್ತದೆಂಬುದು ವೈದ್ಯಶಾಸ್ತ್ರದ ಪ್ರಾಥಮಿಕ ಪಾಠ. ಎರಡರಲ್ಲಿ ಒಂದು ಸರಿಯಾದರೆ ಇನ್ನೊಂದು ತಪ್ಪಾಗಲೇಬೇಕು. ಒಂದೇ ಮಗುವಿನ ಫೈಲಿನಲ್ಲಿ ಎರಡೂ ಇದ್ದರೆ ಅಲ್ಲಿ ಸಿದ್ಧಾಂತವಿಲ್ಲ, ಬರೀ ದರಪಟ್ಟಿ ಇದೆ. 2025ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಟ್ರಾಯ್ ಪಟ್ಟಣದಲ್ಲಿ ಇಂಥ ಪೆಟ್ಟಿಗೆ ಹೊತ್ತಿಕೊಂಡು ಒಳಗಿದ್ದ ಐದು ವರ್ಷದ ಬಾಲಕ ಸತ್ತ. ಅವನನ್ನು ಅಲ್ಲಿಗೆ ಕರೆತಂದದ್ದು ಎಡಿಎಚ್‌ಡಿ ಮತ್ತು ನಿದ್ದೆಯ ತೊಂದರೆಗೆ.

ಸುದ್ದಿಯಾಗದ ನಷ್ಟಗಳು ಮನೆಯೊಳಗೆ ಇವೆ. ದಾವಣಗೆರೆಯ ಒಂದು ಮನೆಯಲ್ಲಿ ಆಟಿಸಂ ಇರುವ ಆರು ವರ್ಷದ ಹುಡುಗನನ್ನು ಕಂಡಿದ್ದೆ. ಅವನು ತಿನ್ನುತ್ತಿದ್ದದ್ದು ಮೊಸರನ್ನ, ಗ್ಲೂಕೋಸ್ ಬಿಸ್ಕತ್ತು, ಖಾಲಿ ದೋಸೆ. ಎನ್‌ಎಸಿಗೆ ಗಂಧಕದ, ಕೊಳೆತ ಮೊಟ್ಟೆಯ ವಾಸನೆ. ತಾಯಿ ಮಾತ್ರೆ ಪುಡಿಮಾಡಿ ಮೊಸರನ್ನದಲ್ಲಿ ಕಲಸಿ, ಮೇಲೆ ಸಕ್ಕರೆ ಹಾಕಿ ಕೊಟ್ಟರು. ಈ ಮಕ್ಕಳ ಮೂಗು ಎಷ್ಟು ಚುರುಕೆಂದು ಮನೆಯಲ್ಲಿ ಅಂಥ ಮಗುವಿರುವವರಿಗೆ ಹೇಳಬೇಕಿಲ್ಲ. ಅವನು ತಟ್ಟೆ ತಳ್ಳಿದ. ಅಂದಿನಿಂದ ಮದ್ದು ಹಾಕದ ಮೊಸರನ್ನವನ್ನೂ ಮುಟ್ಟಲಿಲ್ಲ. ‘ಅದೊಂದಾದ್ರೂ ಹೊಟ್ಟಿ ತುಂಬ ತಿಂತಿದ್ದ, ಈಗ ಅದನ್ನೂ ಬಿಟ್ಟ ನೋಡ್ರಿ’ ಎಂದರು ಆಕೆ. ಅಡುಗೆಮನೆಯ ಕಪಾಟಿನಲ್ಲಿ ಹುಳಿಪುಡಿ ಡಬ್ಬಿಯ ಪಕ್ಕ ಬಾಟಲಿಗಳು ಸಾಲಾಗಿದ್ದವು: ಮೀನೆಣ್ಣೆ, ಸತು, ಕೊ-ಕ್ಯೂ ಟೆನ್, ಗ್ಲುಟಾಥಯೋನ್. ಆ ತಿಂಗಳು ಸ್ಪೀಚ್ ಥೆರಪಿಗೆ ಹೋಗಲಾಗಿರಲಿಲ್ಲ, ದುಡ್ಡು ಸಾಲದೆ. ಇದನ್ನು ಕಂಡ ಮೇಲೂ ‘ನಷ್ಟವೇನಿಲ್ಲ’ ಎನ್ನುವ ವೈದ್ಯರಿಗೆ ನಷ್ಟದ ಲೆಕ್ಕವೇ ಗೊತ್ತಿಲ್ಲ ಎನ್ನಬೇಕಾಗುತ್ತದೆ.

ಪೋಷಕಾಂಶದ ಮಾತೇ ಸುಳ್ಳು ಎಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಶುದ್ಧ ಸಸ್ಯಾಹಾರಿ ತಾಯಿಗೆ ಬಿ12 ಕೊರತೆಯಿದ್ದು ಬರೀ ಎದೆಹಾಲಲ್ಲಿ ಬೆಳೆದ ಕೂಸು, ಕಲಿತದ್ದನ್ನೆಲ್ಲ ಮರೆತು, ನಗು ನಿಲ್ಲಿಸಿ, ಮೈ ಕಪ್ಪಿಟ್ಟು ನಡುಗತೊಡಗುವುದುಂಟು. ಬಿ12 ಕೊಟ್ಟರೆ ಬಹುಪಾಲು ಚೇತರಿಸಿಕೊಳ್ಳುತ್ತದೆ. ಆಯ್ದಾಯ್ದು ತಿನ್ನುವ ಆಟಿಸಂ ಮಕ್ಕಳಿಗೆ ಸ್ಕರ್ವಿ ಬಂದು, ಕಾಲುನೋವಿನಿಂದ ನಡೆಯುವುದನ್ನೇ ನಿಲ್ಲಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಅವರಿಗೆ ವಿಟಮಿನ್ ಸಿ ಬೇಕೇ ಬೇಕು. ಡೌನ್ ಸಿಂಡ್ರೋಮ್ ಮಕ್ಕಳ ಥೈರಾಯ್ಡ್ ನೋಡಲೇಬೇಕು. ಇಲ್ಲೆಲ್ಲ ಕೊರತೆಯನ್ನು ಪತ್ತೆಹಚ್ಚಿ, ಅಳೆದು, ತುಂಬಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸುತ್ತಾರೆ. ಅದು ವೈದ್ಯಕೀಯ. ಎಲ್ಲ ಮಕ್ಕಳಿಗೂ ಒಂದೇ ಬಾಟಲಿ, ಎಂದು ನಿಲ್ಲಿಸಬೇಕೆಂಬ ಮಾತೇ ಇಲ್ಲ ಎಂದರೆ ಅದು ಬೇರೇನೋ.

ನಮ್ಮ ದೇಶದಲ್ಲಿ ಎರಡರಿಂದ ಒಂಬತ್ತು ವರ್ಷದ ಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ನರಬೆಳವಣಿಗೆಯ ತೊಂದರೆ ಇದೆಯೆಂದು ಐದು ಪ್ರದೇಶಗಳ ಸಮೀಕ್ಷೆ 2018ರಲ್ಲಿ ತಿಳಿಸಿತು. ಇಷ್ಟು ಮನೆಗಳ ಆತಂಕ ದೊಡ್ಡ ಮಾರುಕಟ್ಟೆಯೂ ಹೌದು. ಪೂರಕಗಳು ನಮ್ಮಲ್ಲಿ ಆಹಾರದ ಕಾನೂನಿನಡಿ ಬರುತ್ತವೆ, ಔಷಧದಂತೆ ಗುಣ ಸಾಬೀತುಪಡಿಸಿ ಅಂಗಡಿಗೆ ಬರಬೇಕಿಲ್ಲ. ಬಾಟಲಿಯ ಮೇಲೆ ‘ಆಟಿಸಂಗೆ’ ಎಂದು ಬರೆಯುವುದೂ ಬೇಕಿಲ್ಲ, ಆ ಮಾತನ್ನು ಬಾಯಲ್ಲಿ ಹೇಳಿದರೆ ಸಾಕು. ಆಟಿಸಂಗೆ ಕಾಂಡಕೋಶ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲಿ ಹೇಳಿತು. ಪುರಾವೆಯಿಲ್ಲದ ಪೂರಕಗಳನ್ನು ಚಿಕಿತ್ಸೆಯೆಂದು ಬರೆಯುವ ಬಗ್ಗೆಯೂ ಅಷ್ಟೇ ಸ್ಪಷ್ಟವಾದ ಮಾತು ಬರಬೇಕು.

ನೆರವಾಗುವ ದಾರಿಗಳು ಇಲ್ಲವೆಂದೇನಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ‘ಪಾಸ್’ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಂದೆತಾಯಿಗೆ ಮಗುವಿನ ಜೊತೆ ಆಡುವ, ಅದರ ಸನ್ನೆಗೆ ಸ್ಪಂದಿಸುವ ಕ್ರಮ ಕಲಿಸಿದರು. ಪೋಷಕರು ಮಗುವಿನ ಲಯಕ್ಕೆ ಹೊಂದಿಕೊಂಡರು, ಮಗು ತಾನಾಗಿ ಅವರೊಡನೆ ಮಾತಿಗೆ, ಸನ್ನೆಗೆ ತೊಡಗುವುದು ಹೆಚ್ಚಿತು. ಇದು ಪವಾಡವಲ್ಲ, ಆಟಿಸಂ ಹೋಗಲೂ ಇಲ್ಲ. ಆದರೆ ರಕ್ತದ ಸಂಖ್ಯೆ ಬದಲಾಗದೆ ಮಗುವಿನ ದಿನ ಬದಲಾಯಿತು. ಬಾಟಲಿಗಳು ಮಾಡಿದ್ದು ಇದರ ತಿರುವುಮುರುವು.

ಓದುತ್ತಿರುವ ನೀವು ಇಂಥ ಮಗುವಿನ ತಂದೆಯೋ ತಾಯಿಯೋ ಆಗಿದ್ದರೆ ಒಂದು ಕೋರಿಕೆ. ಮುಂದಿನ ಸಲ ಚೀಟಿ ಕೈಗೆ ಬಂದಾಗ ವೈದ್ಯರನ್ನು ಕೇಳಿ: ನನ್ನ ಮಗುವಿಗೆ ಯಾವ ಕೊರತೆ ಇದೆ, ಯಾವ ಪರೀಕ್ಷೆಯಲ್ಲಿ ತಿಳಿಯಿತು, ಎಷ್ಟು ವಾರ ಕೊಡಬೇಕು, ಏನು ಬದಲಾಗದಿದ್ದರೆ ನಿಲ್ಲಿಸಬೇಕು? ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ಆ ದುಡ್ಡನ್ನೂ ಆ ಸಂಜೆಯನ್ನೂ ಥೆರಪಿಗೆ ಇಡಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಇವುಗಳಲ್ಲಿ ನಿಮಗೆ ಹತ್ತಿರವಾದದ್ದಕ್ಕೆ ಮೊದಲು ಹೋಗಿ.